ತಿಕೋಟಾ ಬಸ್ಸಿನ ಪದ

ಅಥಣಿ ರಸ್ತೆ, ವಿಜಾಪುರ
೮ ಡಿಸೆಂಬರ್ ೧೯೬೩

ಚಿರಂಜೀವಿ ಶಂಕ್ರೆಪ್ಪನಿಗೆ ಮಾಮಾ ಮಾಡುವ ಆಶೀರ್ವಾದ.

ನಾನು ಚೆನ್ನಾಗಿದ್ದೇನೆ. ಅಂದರೆ ಹೊಟ್ಟೆ ಚೆನ್ನಾಗಿದೆ, ಕಣ್ಣು ಚೆನ್ನಾಗಿದೆ. ಉಳಿದದ್ದನ್ನು ಡಾಕ್ಟರು ಕೇಳುವುದಿಲ್ಲ. ನಿನ್ನ ಪತ್ರ ದೀಪಾವಳಿಗೆ ಮೊದಲೇ ಬಂದು ಮೇಜಿನ ಮೇಲೆ ಕೂತಿತ್ತು. ಉತ್ತರ ಇಷ್ಟು ತಡವಾದದ್ದಕ್ಕೆ ಮುನಿಸಿಕೊಳ್ಳಬೇಡ, ನೀನು ಕೇಳಿದ ಪ್ರಶ್ನೆಯೇ ಅಂಥದ್ದು. ಕಾಖಂಡಕಿಯ ಹೊಳೆವ್ವನ ಗ್ರಾಮೊಫೋನ್ ಪ್ಲೇಟುಗಳು ಪುಣೆಯ ಕನ್ನಡಿಗರ ಮನೆಗಳಲ್ಲೆಲ್ಲ ಹಾಡುತ್ತಿವೆ, ಬಸ್ಸಿನ ಹಾಡಿಗೆ ನೀವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿರಿ, ಅವು ನಿಜವಾಗಿ ಚೆನ್ನಾಗಿವೆಯೋ, ನಮ್ಮ ಕಡೆಯವು ಎಂಬ ಅಭಿಮಾನಕ್ಕೆ ಹಾಗೆ ಕೇಳಿಸುತ್ತವೆಯೋ ಎಂದು ಕೇಳಿದ್ದೀಯ.

ಚೆನ್ನಾಗಿವೆ. ಇಷ್ಟನ್ನೇ ಒಂದು ಕಾರ್ಡಿನಲ್ಲಿ ಬರೆದು ಹಾಕಬಹುದಿತ್ತು. ಆದರೆ ಈ ಊರಿನಲ್ಲಿ ಈಗ ಇದೇ ಮಾತನ್ನು ಎಂಥೆಂಥವರು ಆಡುತ್ತಿದ್ದಾರೆಂದರೆ, ಬೇರೆಯವರು ಅಗಿದು ಉಗುಳಿದ ಎಲೆ-ಅಡಿಕೆಯನ್ನು ಬಾಯಿಗೆ ಹಾಕಿಕೊಂಡ ಹಾಗಾಗುತ್ತದೆ ನನಗೆ.

ಮೊದಲು ಅದರ ರಟ್ಟು. ಮೂರು ಪ್ಲೇಟುಗಳನ್ನು ಫೋಟೋ ಆಲ್ಬಮ್ಮಿನ ಹಾಗೆ ಒಂದು ದಪ್ಪ ಪುಸ್ತಕದೊಳಗೆ ಸೇರಿಸಿದ್ದಾರೆ. ಮೇಲೆ ತೆಂಗಿನ ಮರಗಳ ಕೆಳಗೆ ಕೊಡ ಹೊತ್ತು, ಸೊಂಟ ತಿರುಗಿಸಿ ನಿಂತ ಹುಡುಗಿಯ ಚಿತ್ರ. ತುಟಿಗೆ ಬಣ್ಣ ಬೇರೆ. ಕಾಖಂಡಕಿಯ ಸುತ್ತಮುತ್ತ ಅಂಥ ತೋಪೂ ಇಲ್ಲ, ಅಂಥ ಸೊಂಟವೂ ಇಲ್ಲ. ಹೊಳೆವ್ವನಿಗೆ ತೋರಿಸಿದಾಗ ಅವಳು ಚಿತ್ರವನ್ನು ದೂರ ಹಿಡಿದು ನೋಡಿ, "ಇಕಿ ಯಾರ್ರಿ? ಕಂಪನಿ ಸಾಹೇಬ್ರ ಹೇಣ್ತಿ ಏನ್ರಿ?" ಎಂದಳು.

ಸೂಜಿ ಇಟ್ಟ ಮೇಲೆ ರಟ್ಟು ಮರೆಯುತ್ತದೆ. ಮೊದಲ ಪ್ಲೇಟಿನಲ್ಲಿ ಕುರುಬರ ಡೊಳ್ಳಿನ ನಡೆಯನ್ನು ಅವಳ ಮೇಳದ ಪೀರಸಾಬ ದಪ್ಪಿನ ಚರ್ಮದ ಮೇಲೆ ನುಡಿಸುತ್ತಾನೆ. ಅದರ ಮೇಲೆ ಮರಾಠಿ ನಾಟಕದ ಹಾರ್ಮೋನಿಯಂ ಏರಿ ಬರುತ್ತದೆ. ಎರಡೂ ಒಂದಕ್ಕೊಂದು ದಾರಿ ಬಿಡುವುದಿಲ್ಲ. ಹೊಳೆವ್ವ ಎರಡರ ನಡುವೆ, ಕುರಿಹಿಂಡಿನ ನಡುವೆ ನಡೆದು ಹೋಗುವವಳ ಹಾಗೆ, ಅವಸರವಿಲ್ಲದೆ ಹೋಗುತ್ತಾಳೆ. ಎರಡನೆಯದರಲ್ಲಿ ಮರಿ ಕಳೆದುಕೊಂಡ ಕುರಿಯ ಪದವಿದೆ. ಅದರ ಧಾಟಿ ಇಬ್ರಾಹಿಂಪುರದಲ್ಲಿ ಪೀರಸಾಬನ ಮನೆಯವರು ಮೊಹರಮ್ಮಿನಲ್ಲಿ ಹಾಡುವ ಶೋಕದ ಧಾಟಿ. ಸಿನಿಮಾದಿಂದ ಕಿತ್ತುಕೊಂಡ ಒಂದು ತುಣುಕೂ ಅಲ್ಲಿದೆ, ಎಲ್ಲಿಂದ ಕಿತ್ತಳೆಂದು ಸಿನಿಮಾದವರಿಗೂ ಗುರುತು ಸಿಗದ ಹಾಗೆ.

ಮೂರನೆಯದು ನಿನ್ನ ಬಸ್ಸಿನ ಹಾಡು. ಮದುವೆ ಬ್ಯಾಂಡಿನ ಕ್ಲಾರಿಯೊನೆಟ್ಟಿನವನು ಪ್ವಾಂಯ್ ಎಂದು ಹಾರ್ನ್ ಊದುತ್ತಾನೆ. ಬಸ್ಸಿಗಾಗಿ ಕಾಯುವ ಹೆಂಗಸು ಕಂಡಕ್ಟರನೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ.

ಹೋಗೂ ತಿಕೀಟ ತಗದಾಳೊ ಕಂಡಕ್ಟರಣ್ಣಾ
ಬರೂ ತಿಕೀಟ ಕೇಳಬ್ಯಾಡೊ

ಗಂಡನ ಮನೆಯಿಂದ ಓಡಿಹೋದವಳ ಕಥೆ ಇದೆಂದು ಎಲ್ಲರೂ ನಗುತ್ತಾರೆ. ನಗುವುದು ತಪ್ಪಲ್ಲ, ಆಕೆ ನಗಿಸುತ್ತಾಳೆ. ಆದರೆ ನಿನ್ನ ಗೆಳೆಯರ ಮನೆಯಲ್ಲಿ ಇನ್ನೊಮ್ಮೆ ಹಾಕಿಸಿದಾಗ ಕ್ಲಾರಿಯೊನೆಟ್ಟನ್ನು ಬಿಟ್ಟು ಕೆಳಗಿನ ದಪ್ಪನ್ನು ಕೇಳು. ಅದು ತಾಬೂತಿನ ಹಿಂದೆ ನಡೆಯುವವರ ಹೆಜ್ಜೆ. ಮೇಲೆ ಮದುವೆ, ಕೆಳಗೆ ಮೊಹರಂ. ಎರಡು ಭಾವಗಳನ್ನು ಒಂದು ಸಾಲಿನಲ್ಲಿ ಕೂಡಿಸಲು ನಾವು ನವ್ಯ ಕವಿಗಳು ವರ್ಷಗಟ್ಟಲೆ ಒದ್ದಾಡಿದೆವು. ಕೂಡದಿದ್ದಾಗ ಅಡಿಟಿಪ್ಪಣಿ ಬರೆದೆವು. ಇವಳಿಗೆ ಅಡಿಟಿಪ್ಪಣಿ ಬೇಕಾಗಿಲ್ಲ.

ಇನ್ನು ಹೇಸಿಗೆಯ ಮಾತಿಗೆ ಬರುತ್ತೇನೆ.

ಪ್ಲೇಟು ಬಂದ ವಾರ ಹೊಳೆವ್ವ, ಅವಳ ಹಿಂದೆ ದನಿಗೂಡಿಸುವ ತಂಗಿ ಸಕ್ರವ್ವ, ಪೀರಸಾಬ ಮೂವರೂ ನಮ್ಮ ಮನೆಗೆ ಬಂದರು. ಅವರ ಹತ್ತಿರ ಗ್ರಾಮೊಫೋನ್ ಇಲ್ಲ. ಮುಂಬಯಿಗೆ ಹೋಗಿ ಹಾಡಿ ಬಂದ ಮೇಲೆ ತಮ್ಮ ದನಿಯನ್ನು ಅವರಿನ್ನೂ ಕೇಳಿರಲಿಲ್ಲ. ನಿನ್ನ ಅಕ್ಕ ಇಲ್ಲಿ ನನ್ನ ಜೊತೆ ಸಂಸಾರ ಮಾಡಿಕೊಂಡಿದ್ದಾಗಿನಿಂದ ಹೊಳೆವ್ವ ಈ ಮನೆಗೆ ಬಂದು ಹೋಗುವವಳಲ್ಲವೆ, ನೇರ ಒಳಗೆ ಹೋಗಿ ನೀರು ಕುಡಿದು ಬಂದು ಚಾಪೆಯ ಮೇಲೆ ಕೂತಳು. ತನ್ನ ದನಿ ಹೊರಟ ಕೂಡಲೇ ಸಕ್ರವ್ವನ ತೊಡೆಗೆ ಹೊಡೆದು, "ಏ ಸಕ್ರಿ, ನಿಂದೂ ಕೇಳತೈತಿ ನೋಡ ಬೇ, ಹಿಂದ ಎಮ್ಮಿ ಒದರಿದಂಗ" ಎಂದಳು. ಸಕ್ರವ್ವ ನಗಲಿಲ್ಲ.

ಬಸ್ಸಿನ ಹಾಡು ಬಂತು. ಮೂವರೂ ಮುಂದಕ್ಕೆ ಬಾಗಿ ಕೇಳುತ್ತಿದ್ದರು. ಕಂಡಕ್ಟರನ ನುಡಿ ಮುಗಿಯಿತು, ಸೂಜಿ ಬರೀ ಗೀರುತ್ತ ನಡುವಿಗೆ ಹೋಗಿ ನಿಂತಿತು. ಹೊಳೆವ್ವ ಇನ್ನೂ ಬಾಗಿಯೇ ಇದ್ದಳು.

"ಮುಂದಿಂದು?" ಎಂದಳು.

"ಇಷ್ಟೇ ಇದೆ ಹೊಳೆವ್ವ."

"ಮುಗುಚಿ ಹಾಕ್ರಿ. ಆ ಮಗ್ಗಲಕ ಇರಬೇಕು."

ಮಗುಚಿ ಹಾಕಿದೆ. ಆ ಮಗ್ಗುಲಲ್ಲಿ ಬೇರೆ ಪದ. ಅವಳು ಎದ್ದು ಬಂದು ಪ್ಲೇಟನ್ನು ಕೈಯಲ್ಲಿ ಹಿಡಿದು, ರೊಟ್ಟಿ ಸೀದಿದೆಯೇ ಎಂದು ನೋಡುವ ಹಾಗೆ ಎರಡೂ ಕಡೆ ತಿರುಗಿಸಿ ನೋಡಿದಳು. "ನಾ ಹಾಡೀನಲ್ಲೋ ಪೀರ್ಯಾ? ಕಡೀ ನುಡಿ ಹಾಡೀನೋ ಇಲ್ಲೋ?"

"ಹಾಡೀಯವ್ವ. ಕೆಂಪು ದೀಪ ಹತ್ತಿತ್ತಲ್ಲ, ಆಮ್ಯಾಲ ಹಾಡಿದಿ," ಎಂದ ಪೀರಸಾಬ. ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಅರ್ಥವಾಗಿತ್ತು. ಪ್ಲೇಟಿನ ಒಂದು ಮಗ್ಗುಲಿಗೆ ಹಿಡಿಸುವುದೇ ಮೂರು ಚಿಲ್ಲರೆ ನಿಮಿಷ. ದೀಪ ಹತ್ತಿದರೆ ಯಂತ್ರ ಆರಿಸುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಆಕೆ ತನ್ನ ಕಡೆಯ ನುಡಿಯನ್ನು ಸತ್ತ ಯಂತ್ರಕ್ಕೆ ಪೂರ್ತಿ ಹಾಡಿ, ಕೈಮುಗಿದು ಬಂದಿದ್ದಳು.

ಕಡೆಯ ನುಡಿ ಎಂದರೆ ಏನೆಂದು ನಿನ್ನ ಗೆಳೆಯರಿಗೆ ಹೇಳು. ಹರದೇಶಿಯವರು ಗಂಡು ಹೆಚ್ಚೆಂದೂ ನಾಗೇಶಿಯವರು ಹೆಣ್ಣು ಹೆಚ್ಚೆಂದೂ ಎದುರುಬದುರು ಕೂತು ಹಾಡುವ ಪೈಪೋಟಿಯಲ್ಲಿ ಹೊಳೆವ್ವ ನಾಗೇಶಿಯವಳು. ಅವರಲ್ಲಿ ಕಟ್ಟಿದವರ ಹೆಸರು ಕಡೆಯ ನುಡಿಯಲ್ಲೇ ಬರಬೇಕು. ಮುಂದೆ ಕೂತು ಹಾಡುವವಳು ಅದನ್ನು ಒಂದು ಸಲ ಹಾಡಿ ಬಿಡುತ್ತಾಳೆ, ಹಿಂದಿನ ಮೇಳದವರು ಎತ್ತಿಕೊಂಡು ತಿರುಗಿ ಹಾಡುತ್ತಾರೆ. ಮೇಳ ಎತ್ತಿದರೆ ಪದ ಅವಳದೆಂದು ನಾಲ್ಕು ಜನರೆದುರು ಗಟ್ಟಿಯಾದ ಹಾಗೆ. ಈ ಪದದ್ದು ಹೀಗೆ ಶುರುವಾಗುತ್ತದೆ:

ಅಮೋಘಸಿದ್ಧನ ಪಾದಾ ನೆನೆದು ಕಾಖಂಡಕಿ ಊರಾಗ
ಹೊಳೆವ್ವ ಕಟ್ಯಾಳೊ ಈ ಪದಾ

ಅದು ಹೋಯಿತು. ರಟ್ಟಿನ ಮೇಲೆ ಏನು ಅಚ್ಚಾಗಿದೆ ಎಂದು ಕೇಳಿದಳು. ಓದಿ ಹೇಳಿದೆ: "ಜನಪದ ಗೀತೆಗಳು. ಹಾಡಿದವರು ಹೊಳೆವ್ವ ಮತ್ತು ಸಂಗಡಿಗರು."

"ಜನಪದ ಯಾರ್ರಿ?"

"ಯಾರೂ ಅಲ್ಲ. ಯಾರು ಕಟ್ಟಿದರೋ ಗೊತ್ತಿಲ್ಲ ಅಂತ ಅರ್ಥ."

ಅವಳು ಪ್ಲೇಟನ್ನು ನೋಡಲಿಲ್ಲ. ನನ್ನನ್ನು ನೋಡಿದಳು. "ನಾ ಸತ್ತ ಮ್ಯಾಲ ಹಂಗ ಬರೀಲಿ. ಇನ್ನಾ ಎಲಿ-ಅಡಿಕಿ ಹಾಕ್ಕೊಂಡ ಕುಂತೀನಿ," ಎಂದಳು.

ಈಗ ಊರಿನಲ್ಲಿ ಒಂದು ಸನ್ಮಾನ ಸಮಿತಿ ಹುಟ್ಟಿಕೊಂಡಿದೆ. ಅಧ್ಯಕ್ಷರು ಒಬ್ಬ ವಕೀಲರು; ಬೆರಳಿಗೆಲ್ಲ ಉಂಗುರ, ಬಾಯಿಗೆ ಸಂಸ್ಕೃತಿ. ಜನವರಿಯ ಸಮಾರಂಭದಲ್ಲಿ ನಾನು ಪ್ಲೇಟುಗಳ ಗುಣಗ್ರಹಣ ಮಾಡಬೇಕಂತೆ. ನಾನು ಹೋಗಿ ಈ ಕಡೆಯ ನುಡಿಯ ವಿಷಯ ತೆಗೆದೆ. ಅವರು ಚಹವನ್ನು ಬಸಿಗೆ ಬಗ್ಗಿಸಿ ಸೊರ್ರೆಂದು ಹೀರಿ, "ಪ್ರೊಫೆಸರ್, ಜನಪದಕ್ಕ ಕರ್ತೃ ಇರೂದಿಲ್ರಿ. ಅದs ಅದರ ಹಿರಿಮೆ," ಎಂದರು.

"ಕರ್ತೃ ಜನವರಿಯಲ್ಲಿ ನಿಮ್ಮ ವೇದಿಕೆಯ ಮೇಲೇ ಕೂತಿರುತ್ತಾಳೆ."

"ಅಕಿ ಹಾಡಾಕಿರಿ. ಕಟ್ಟಿದವ್ರು ಬ್ಯಾರೆ, ನೂರಾರು ವರ್ಷದ ಹಿಂದಿನವ್ರು."

"ನೂರಾರು ವರ್ಷದ ಹಿಂದೆ ತಿಕೋಟಾಕ್ಕೆ ಬಸ್ಸಿತ್ತೇ?"

ಅವರು ಸ್ವಲ್ಪ ಯೋಚಿಸಿ, "ಅದು ಪ್ರಕ್ಷಿಪ್ತ," ಎಂದರು. ಕ್ಲಾರಿಯೊನೆಟ್ಟನ್ನೂ ಆವತ್ತು ದೂರ ಇಡಿಸಬೇಕು, ಕಲಬೆರಕೆ ಎನಿಸುತ್ತದೆ ಎಂದೂ ಹೇಳಿದರು. ಆ ಚಹವನ್ನು ನಾನೂ ಕುಡಿದೆ. ಮನೆಗೆ ಬಂದು ಎರಡು ಸಲ ಬಾಯಿ ಮುಕ್ಕಳಿಸಿದೆ.

ಹೊಳೆವ್ವ ಮಾತ್ರ ಪಟ್ಟು ಹಿಡಿದಿದ್ದಾಳೆ. ಶಾಲು ಬೇಡ, ಹಾರ ಬೇಡ. ಊರ ಮುಂದೆ ಬಸ್ಸಿನ ಪದವನ್ನು ಕಡೆಯ ನುಡಿಯ ಸಮೇತ ಹಾಡುತ್ತಾಳೆ, ಮೇಳ ಎತ್ತುತ್ತದೆ, ಅಲ್ಲಿಗೆ ಅದು ಅವಳ ಪದ. ಪ್ಲೇಟಿನಲ್ಲಿ ಇಲ್ಲದ್ದು ಜನರ ಕಿವಿಯಲ್ಲಿ ಇರಲಿ ಎನ್ನುತ್ತಾಳೆ. ಇದೊಂದು ನಡೆದರೆ ಸಾಕೆಂದು ನನಗೂ ಅನಿಸಿದೆ. ಈ ವಯಸ್ಸಿನಲ್ಲಿ ನನಗೆ ಏನಾದರೂ ಆಗಲಿ ಎನಿಸುವುದೇ ಅಪರೂಪ.

ತಿಕೋಟಾದಲ್ಲಿ ನಿಮ್ಮ ಅಪ್ಪ ಆರಾಮಾಗಿದ್ದಾರೆ. ಹೊಲದಲ್ಲಿ ಹಸಿ ಜೋಳದ ತೆನೆ ಸುಟ್ಟು ಸೀತನಿ ತಿನ್ನಲು ನಿನಗೆ ಬರಲಾಗುವುದಿಲ್ಲವೆಂದು ಗೊಣಗುತ್ತಿದ್ದರು. ಮಕ್ಕಳಿಗೆ ನನ್ನ ಮುದ್ದು. ನೀವೆಲ್ಲ ನೂರು ಕಾಲ ಸುಖವಾಗಿರಿ.

ನಿನ್ನ ಮಾಮಾ,
ಶಿವಯೋಗೆಪ್ಪ


ಅಥಣಿ ರಸ್ತೆ, ವಿಜಾಪುರ
೨೩ ಫೆಬ್ರವರಿ ೧೯೬೪

ಚಿರಂಜೀವಿ ಶಂಕ್ರೆಪ್ಪ,

ಆಶೀರ್ವಾದ. ಸಮಾರಂಭ ಏನಾಯಿತೆಂದು ನೀನು ಎರಡು ಸಲ ಕೇಳಿ ಬರೆದೆ. ಎರಡು ಸಲವೂ ಕಾಗದ ತೆಗೆದುಕೊಂಡು ಕೂತೆ, ದಿನಾಂಕ ಹಾಕಿದೆ, ಎದ್ದೆ. ಕೆಲವು ಸಂಗತಿಗಳನ್ನು ಬರೆಯುವಾಗ ಕೈಗೂ ನಾತ ಹತ್ತುತ್ತದೆ. ತಡವಾದದ್ದನ್ನು ಹೊಟ್ಟೆಗೆ ಹಾಕಿಕೋ.

ಜನವರಿಯದು ಮುಂದೆ ಹೋಗಿ ಫೆಬ್ರವರಿಯ ಮೊದಲ ಶನಿವಾರ ನಡೆಯಿತು. ಸಭಾಗೃಹ ತುಂಬಿತ್ತು. ವೇದಿಕೆಯ ಮೇಲೆ ಬಾಡಿಗೆಗೆ ತಂದ ಕುರ್ಚಿಗಳು, ಕಾಗದದ ಹೂವು, ಒಂದು ಹುಲ್ಲಿನ ಗುಡಿಸಲು. ಹೌದು, ವೇದಿಕೆಯ ಮೇಲೇ ಗುಡಿಸಲು. ಹೊಳೆವ್ವನ ಮನೆಗೆ ಮಣ್ಣಿನ ಮಾಳಿಗೆಯಿದೆ, ಅವಳು ಆ ಗುಡಿಸಲನ್ನು ನೋಡಿ, "ಮ್ಯಾಕಿ ಕಟ್ಟಾಕೇನ್ರಿ?" ಎಂದು ಕೇಳಿದಳು. ಮುಂಬಯಿಯಿಂದ ಕಂಪನಿಯ ಮನುಷ್ಯ ಬಂದಿದ್ದ; ಮೃದುವಾದ ಕೈ, ಮೃದುವಾದ ಮರಾಠಿ. ವಕೀಲರು ಮೈಕಿನ ಮುಂದೆ ನಿಂತು ಅನಾಮಿಕ ಜನಪದ ಕವಿಯ ಬಗ್ಗೆ ಮಾತಾಡಿದರು. ಆ ಮಹಾನುಭಾವ ತನ್ನ ಹೆಸರನ್ನು ಮಣ್ಣಿಗೆ ಕೊಟ್ಟು ಹೋದನಂತೆ, ಅವನ ಮುಂದೆ ನಾವೆಲ್ಲ ತಲೆಬಾಗಬೇಕಂತೆ. ಎಲ್ಲರೂ ಒಂದು ನಿಮಿಷ ಎದ್ದು ನಿಂತರು. ಹೊಳೆವ್ವನೂ ಎದ್ದಳು. ಹಿಂದೆ ತಿರುಗಿ, "ಯಾರು ಸತ್ತಾರಂತೋ ಪೀರ್ಯಾ?" ಎಂದು ಕೇಳಿದ್ದು ಮೊದಲ ಸಾಲಿನಲ್ಲಿದ್ದ ನನಗೆ ಕೇಳಿಸಿತು.

"ನೀನs ಇರಬೇಕವ್ವ," ಎಂದ ಅವನು.

ನನ್ನ ಭಾಷಣದಲ್ಲಿ ನಾನು ಪದಗಳೆಲ್ಲ ಹೊಳೆವ್ವ ಕಟ್ಟಿದವೆಂದು ಎರಡು ಸಲ ಹೇಳಿದೆ. ಅದನ್ನು ಒಂದು ಅಲಂಕಾರವೆಂದು ತಿಳಿದು ಚಪ್ಪಾಳೆ ತಟ್ಟಿದರು.

ಆಮೇಲೆ ಹಾಡು. ಕ್ಲಾರಿಯೊನೆಟ್ಟಿನವನನ್ನು ಹೊಳೆವ್ವ ಬಿಟ್ಟುಕೊಟ್ಟಿರಲಿಲ್ಲ. "ಅಂವಾ ಬರಲಿಲ್ಲಂದ್ರ ಬಸ್ಸೂ ಬರೂದಿಲ್ಲ" ಎಂದಿದ್ದಳಂತೆ. ಡೊಳ್ಳಿನ ನಡೆಯ ಪದ ಆಯಿತು, ಕುರಿಯ ಪದ ಆಯಿತು. ಕಡೆಗೆ ಬಸ್ಸಿನದು. ಮೊದಲ ಹಾರ್ನಿಗೇ ಸಭೆ ನಗಲು ಶುರು. ಕಂಡಕ್ಟರನ ನುಡಿಗೆ ನನ್ನ ಪಕ್ಕದ ದಲಾಲಿ ಅಂಗಡಿಯವರು ಕಣ್ಣೊರೆಸಿಕೊಂಡು, "ಓಡಿಹೋದಾಕಿ ಜಾಣಿ ಬಿಡ್ರಿ" ಎಂದು ನನ್ನ ತೊಡೆ ತಟ್ಟಿದರು. ಆ ಕೈಯನ್ನು ಎತ್ತಿ ಅವರ ತೊಡೆಯ ಮೇಲೇ ಇಡಬೇಕೆನಿಸಿತು.

ಪ್ಲೇಟು ಮುಗಿಯುವಲ್ಲಿ ಪದ ಮುಗಿಯಲಿಲ್ಲ. ಜನ ಚಪ್ಪಾಳೆಗೆ ಎತ್ತಿದ ಕೈ ಹಾಗೇ ಇಟ್ಟುಕೊಂಡು ಕೂತರು. ಹೊಳೆವ್ವ ಎಡಗೈಯನ್ನು ಕಿವಿಗೆ ಹಚ್ಚಿ ಕಡೆಯ ನುಡಿ ತೆಗೆದಳು. "ಅಮೋಘಸಿದ್ಧನ ಪಾದಾ ನೆನೆದು ಕಾಖಂಡಕಿ ಊರಾಗ, ಹೊಳೆವ್ವ ಕಟ್ಯಾಳೊ ಈ ಪದಾ." ಹಾಡಿ ಬಿಟ್ಟಳು. ಇನ್ನು ಸಕ್ರವ್ವ ಎತ್ತಬೇಕು.

ಸಕ್ರವ್ವ ಎತ್ತಲಿಲ್ಲ.

ಕೆಮ್ಮು ಬಂದಿರಬೇಕು ಎಂದುಕೊಂಡೆ. ಅವಳು ತನ್ನ ಕಾಲುಂಗುರವನ್ನು ತಿರುಗಿಸುತ್ತ ಕೂತಿದ್ದಳು. ಪೀರಸಾಬ ದಪ್ಪು ನಿಲ್ಲಿಸಲಿಲ್ಲ. ಎತ್ತುವವರಿಗಾಗಿ ಒಂದು ಸುತ್ತು ಬಾರಿಸಿದ, ಇನ್ನೊಂದು ಸುತ್ತು ಬಾರಿಸಿದ, ಅವನ ಹಣೆಯ ಮೇಲೆ ಬೆವರು ಕಾಣುತ್ತಿತ್ತು. ಅವನು ಬಾರಿಸುವವನು, ಎತ್ತುವ ಹಕ್ಕು ಅವನದಲ್ಲ. ಹೊಳೆವ್ವ ಹಿಂದೆ ತಿರುಗಿ ನೋಡಲಿಲ್ಲ. ಕೈ ಕಿವಿಯ ಮೇಲೇ ಇತ್ತು. ವಕೀಲರು ಕಂಪನಿಯವನನ್ನು ನೋಡಿ ಸಣ್ಣಗೆ ತಲೆಯಾಡಿಸಿದ್ದನ್ನು ನಾನು ಕಂಡೆ. ಆಗ ನನಗೆ ತಿಳಿಯಿತು.

ನಾನು ಎದ್ದು ನಿಂತೆ. ನಿಂತದ್ದು ನೆನಪಿಲ್ಲ, ನಿಂತಿದ್ದೆ ಅಷ್ಟೆ. ಮೊದಲ ಸಾಲಿನಿಂದ, ಕೋಟು ಹಾಕಿಕೊಂಡು, ಆ ನುಡಿಯನ್ನು ಎತ್ತಿ ಹಾಡಿದೆ. ನನ್ನ ಗಂಟಲು ನಿನಗೆ ಗೊತ್ತು. ಬಂದದ್ದು ಹಾಡಲ್ಲ, ತರಗತಿಯಲ್ಲಿ ಹಾಜರಿ ಕರೆಯುವ ದನಿ. ಆದರೂ ಅವಳು ಬಿಟ್ಟಷ್ಟನ್ನೂ ಹಾಡಿದೆ, ಅವಳ ಊರು, ಅವಳ ಹೆಸರು. ಸಭೆ ಕಿಸಕ್ಕೆಂದಿತು, ಆಮೇಲೆ ದೊಡ್ಡ ನಗು, ಆಮೇಲೆ ಚಪ್ಪಾಳೆ. ವಕೀಲರು ಮೈಕಿಗೆ ಓಡಿ ಬಂದು, "ನೋಡಿದ್ರಲ್ಲ, ನಮ್ಮ ನವ್ಯ ಕವಿಗಳೂ ಜನಪದ ಆದ್ರು!" ಎಂದರು.

ಹೊಳೆವ್ವ ಕೈಯನ್ನು ಕಿವಿಯಿಂದ ತೆಗೆದಳು. ತಾಳಗಳನ್ನು ನೆಲಕ್ಕಿಟ್ಟಳು. ನನ್ನ ಕಡೆ ತಿರುಗಿ, ಬಗ್ಗಿ, ನೆಲ ಮುಟ್ಟಿ ಹಣೆಗೆ ಹಚ್ಚಿಕೊಂಡು ವೇದಿಕೆ ಇಳಿದು ಹೋದಳು. ಎಲ್ಲರೂ ಅದನ್ನು ಗುರುಭಕ್ತಿ ಎಂದುಕೊಂಡರು. ನಾಚಿಕೆಯ ಮಾತು, ಒಂದು ಗಳಿಗೆ ನಾನೂ ಅದನ್ನು ಕೃತಜ್ಞತೆ ಎಂದುಕೊಂಡೆ.

ಹೊರಗೆ ಸಕ್ರವ್ವ ಟಾಂಗಾದ ಪಕ್ಕ ನಿಂತಿದ್ದಳು. ನಾನು ಕೇಳುವ ಮೊದಲೇ ಶುರು ಮಾಡಿದಳು.

"ಹಂಗ್ಯಾಕ ನೋಡ್ತೀರಿ ಸರ? ವಕೀಲಸಾಹೇಬ್ರು ಹೇಳಿದ್ರು, ಕಟ್ಟಿದವ್ರ ಹೆಸರು ಬಂದ್ರ ಕಂಪನ್ಯಾಗ ಅದು ಜನಪದದ ಲೆಕ್ಕಕ್ಕ ಬರಂಗಿಲ್ಲಂತ, ಇನ್ನೊಮ್ಮಿ ಮುಂಬೈಕ ಕರಿಯಂಗಿಲ್ಲಂತ."

"ಅದಕ್ಕಾಗಿ ಅಕ್ಕನ ಹೆಸರು ಬಿಟ್ಟೆಯಾ?"

"ಅಕ್ಕನ ಹೆಸರು!" ಅವಳು ಉಗುಳಿದಳು. "ಪದದಾಗ ಅಕಿ ಹೆಸರು. ಪ್ಲೇಟಿನ ಮ್ಯಾಲ ಅಕಿ ಹೆಸರು. ನಾ ಯಾರ್ರಿ? ನಾ ಸಂಗಡಿಗರು! ಹುಟ್ಟಿದಾಗಿಂದ ಅಕಿ ಬಿಟ್ಟಿದ್ದು ಎತ್ತಕೋತ ಬಂದೀನಿ. ಒಂದs ಒಂದಿನ ಎತ್ತಲಿಲ್ಲ, ಊರಿಗೆ ಊರs ನನ್ನ ಮಾರಿ ನೋಡ್ತು. ಎತ್ತಿದಾಗ ಯಾರೂ ನೋಡಿದ್ದಿಲ್ಲ."

ಅವಳ ಮೇಲೆ ಇಟ್ಟುಕೊಂಡಿದ್ದ ಹೇಸಿಗೆಯನ್ನು ಎಲ್ಲಿ ಇಳಿಸಬೇಕೆಂದು ತಿಳಿಯದೆ ಮನೆಗೆ ಬಂದೆ. ವಕೀಲರ ಮೇಲೆ ಸ್ವಲ್ಪ ಹಾಕಿದೆ. ಅವರಿಗೆ ಅದು ಅಂಟುವುದಿಲ್ಲ.

ಅದಾದ ಮೇಲಿನ ವಾರ ಬಬಲೇಶ್ವರದ ಸಂತೆಗೆ ಹೊಳೆವ್ವ ಬರುತ್ತಾಳೆಂದು ಪೀರಸಾಬ ಹೇಳಿದ. ಬಸ್ಸು ಹಿಡಿದು ಹೋದೆ. ಚಹದಂಗಡಿಯ ಕಟ್ಟೆಯ ಮೇಲೆ ಅವಳೂ ಅವನೂ ಕೂತಿದ್ದರು, ಅವಳ ಪಕ್ಕ ಉಣ್ಣೆಯ ಗಂಟು. ನನ್ನನ್ನು ಕಂಡು ಸರಿದು ಜಾಗ ಕೊಟ್ಟಳು. ಇಷ್ಟು ವರ್ಷ ನನ್ನನ್ನು ಸರ ಎನ್ನುತ್ತಿದ್ದವಳು, "ಬರ್ರಿ ಗೆದ್ದಾವ್ರ" ಎಂದಳು.

ತಮಾಷೆ ಎಂದುಕೊಂಡು ನಕ್ಕೆ. ಅವಳು ನಗಲಿಲ್ಲ.

"ಇನ್ನೊಮ್ಮೆ ಎಲ್ಲಾದರೂ ಹಾಡಿಸೋಣ ಹೊಳೆವ್ವ. ಕಾಲೇಜಿನಲ್ಲಿ, ನನ್ನ ಹುಡುಗರ ಮುಂದೆ. ಪೂರ್ತಿ ಪದ."

"ಯಾವ ಪದ?"

"ಬಸ್ಸಿನದು."

"ಅದು ನಂದಲ್ರಿ ಈಗ. ನಿಮ್ದು." ಚಹವನ್ನು ಬಸಿಗೆ ಸುರಿದುಕೊಂಡಳು. "ನನ್ನ ಮ್ಯಾಳ ಎತ್ತಲಿಲ್ಲ. ಎದುರು ಕುಂತಾವ್ರು ಎತ್ತಿದ್ರು. ಎದುರು ಕುಂತಾವ್ರು ಎತ್ತಿದ ಪದ ಎದುರಿನವ್ರದು. ನಮ್ಮವ್ವನ ಕಾಲದಿಂದ ನಮ್ಮ ಮ್ಯಾಳದಾಗ ಹಂಗs ಐತಿ. ಸೋತಾಕಿ ಗೆದ್ದಾವ್ರಿಗೆ ನೆಲ ಮುಟ್ಟಿ ಎದ್ದ ಮ್ಯಾಲ ಅದನ್ನ ಮತ್ತ ಬಾಯಾಗ ತಗೊಳ್ಳೂದಿಲ್ಲ."

"ಅದು ಪೈಪೋಟಿ ಅಲ್ಲ ಮಾರಾಯ್ತಿ, ಸನ್ಮಾನ."

"ಸನ್ಮಾನ ನಿಮ್ದು. ಪದಕ್ಕೇನ ಗೊತ್ತರಿ ಸನ್ಮಾನ?"

ಪೀರಸಾಬ ನಡುವೆ ಬಾಯಿ ಹಾಕಿದ. "ಯಕ್ಕಾ, ಸರಗ ಗೊತ್ತಿದ್ದಿಲ್ಲ, ಬಿಟ್ಟಬಿಡು."

"ಗೊತ್ತಿಲ್ದಾವ್ರು ಸುಮ್ಮ ಕುಂಡ್ರಬೇಕಿತ್ತು."

"ಸಕ್ರವ್ವ ಎತ್ತದೆ ಇದ್ದದ್ದಕ್ಕೆ ತಾನೆ..." ಎಂದೆ. ನನ್ನ ದನಿ ನನಗೇ ಕೀಳಾಗಿ ಕೇಳಿಸಿತು.

"ಸಕ್ರಿ ನನ್ನ ತಂಗಿ. ಬಾಯಿ ಮುಚ್ಚಿದ್ಲು, ನಾಳೆ ತಗೀತಾಳ. ಮರುದಿನ ರೊಟ್ಟಿ ಬಡಿಯೂ ಮುಂದ ಇಬ್ರೂ ಹೊಡ್ದಾಡಿ ಮುಗಿಸೀವಿ. ಇನ್ನ ಮ್ಯಾಲ ಪದದಾಗ ಅಕಿ ಹೆಸರೂ ಹಾಕ್ತೀನಂತ ಆಣಿ ಮಾಡೀನಿ. ಅಕಿ ಬರೇ ಸುಮ್ಮಿದ್ದಿದ್ರ ಪದ ನೆಲಕ್ಕ ಬಿದ್ದಿರತಿತ್ತು, ಅಷ್ಟs. ಬಿದ್ದದ್ದನ್ನ ಮುಂದಿನ ಅಮಾಸಿಗೆ ನನ್ನ ಮ್ಯಾಳದಾವ್ರ ಕಡಿಂದ ಎತ್ತಿಸ್ತಿದ್ದೆ." ಬಸಿಯನ್ನು ಕೆಳಗಿಟ್ಟಳು. "ನೀವು ಎತ್ತಿಬಿಟ್ರಿ."

ಬಿಸಿಲು ಕಾಯುತ್ತಿತ್ತು. ಕುಸುಬಿ ಎಣ್ಣೆಯಲ್ಲಿ ಭಜಿ ಕರಿಯುವ ವಾಸನೆ, ಕಟ್ಟೆಯ ಕೆಳಗೆ ನೊಣ ಮುತ್ತಿದ ಎಲೆಗಳು. ವಕೀಲರು ಅವಳ ಹೆಸರನ್ನು ಮುಚ್ಚಿಟ್ಟರು, ಸಕ್ರವ್ವ ಅದನ್ನು ನೆಲಕ್ಕೆ ಬಿಟ್ಟಳು, ಎರಡನ್ನೂ ಸರಿಮಾಡಬಹುದಿತ್ತು. ಸರಿಯಾಗದ್ದನ್ನು ಮಾಡಿದವನು ನಾನೊಬ್ಬನೇ, ಅದೂ ಒಳ್ಳೆಯದನ್ನು ಮಾಡಲು ಎದ್ದು ನಿಂತು.

"ನಾನು ವಾಪಸು ಕೊಡುತ್ತೇನೆ," ಎಂದೆ.

ಈ ಸಲ ಅವಳು ನಕ್ಕಳು, ಸಿಟ್ಟಿಲ್ಲದೆ. "ಎಲ್ಲಾನೂ ಸಾಲಿ ಪುಸ್ತಕ ಅಂದ್ಕೊಂಡೀರೇನ್ರಿ ಯಪ್ಪಾ? ಒಯ್ರಿ. ಚೊಲೋ ಪದ ಐತಿ. ಕೆಡಿಸಬ್ಯಾಡ್ರಿ."

ಅವಳು ಬೇರೆ ಪದಗಳನ್ನು ಹಾಡುತ್ತಾಳೆ. ಹೋದ ವಾರ ಕಾಖಂಡಕಿಯಲ್ಲಿ ಹೊಸದೊಂದು ಹಾಡಿದಳಂತೆ, ಕಡೆಯ ನುಡಿಯಲ್ಲಿ ಸಕ್ರವ್ವನ ಹೆಸರೂ ಇತ್ತಂತೆ, ಸಕ್ರವ್ವ ಅದನ್ನು ಮೂರು ಸಲ ಎತ್ತಿದಳಂತೆ. ಒಳ್ಳೆಯದಾಗಲಿ. ಬಸ್ಸಿನ ಪದ ಮಾತ್ರ ಇನ್ನು ಆ ಪ್ಲೇಟಿನಲ್ಲಿದೆ, ಅಷ್ಟರಲ್ಲಿ ಅಷ್ಟೇ. ಅಂಗಡಿಗಳಲ್ಲಿ, ಮದುವೆಗಳಲ್ಲಿ ಹಾಕುತ್ತಾರೆ. ಯಾರು ಕಟ್ಟಿದರೋ ಗೊತ್ತಿಲ್ಲ. ಕಡೆಗೂ ವಕೀಲರ ಮಾತೇ ನಿಜವಾಯಿತು. ನಿಜ ಮಾಡಿಕೊಟ್ಟವನು ನಾನು.

ನೀನು ಯುಗಾದಿಗೆ ಬರುವುದಾದರೆ ಮೊದಲೇ ತಿಳಿಸು, ಮನೆ ಸಾರಿಸಿ ಇಡಿಸುತ್ತೇನೆ. ಮಗನ ಕೆಮ್ಮು ಇಳಿದಿದೆಯೇ? ಚಳಿಯಲ್ಲಿ ಹೊರಗೆ ಬಿಡಬೇಡ. ನಿನ್ನ ಮನೆಯಲ್ಲಿ ನಗು ಮಾತು ಯಾವತ್ತೂ ತುಂಬಿರಲಿ. ಹಿರಿಯನಾಗಿ ನಾನು ಹರಸುವುದು ಅದೊಂದನ್ನೇ.

ನಿನ್ನ ಮಾಮಾ,
ಶಿವಯೋಗೆಪ್ಪ

ತಾ.ಕ.: ಪತ್ರವನ್ನು ಅಂಟಿಸಿದ್ದೆ, ಮತ್ತೆ ಬಿಚ್ಚಿದೆ. ಕಡೆಯ ನುಡಿಯ ಮೊದಲ ಅರ್ಧ ಮಾತ್ರ ನಿನಗೆ ಬರೆದಿದ್ದೇನೆ. ಮೇಳ ಅದನ್ನು ಎತ್ತಿದ ಮೇಲೆ ಹೊಳೆವ್ವ ಉಳಿದರ್ಧ ಹಾಡುತ್ತಿದ್ದಳು.

ಉಡಿಯ ತುಂಬಿ ಕಳುವೀದ ಗೆಳತಿ ಮುರಿಗೆವ್ವನ
ಹೆಸರೀಲೆ ಇಟ್ಟಾಳೊ ಈ ಪದಾ

ಹೆರಿಗೆಗೆಂದು ತವರಿಗೆ ಹೊರಟ ನಿನ್ನ ಅಕ್ಕ ಇದೇ ರಸ್ತೆಯಲ್ಲಿ ತಿಕೋಟಾ ಬಸ್ಸು ಹತ್ತುವಾಗ ಉಡಿ ತುಂಬಿದವಳು ಹೊಳೆವ್ವ. ನಾನು ಚೀಲ ಎತ್ತಿಕೊಟ್ಟೆ. ನೀನಾಗ ಪುಣೆಗೆ ಹೋಗಿ ಆಗಿತ್ತು. ತಾಯಿಯೂ ಇಲ್ಲ, ಕೂಸೂ ಇಲ್ಲ ಎಂಬ ಸುದ್ದಿ ಬಂದ ಮೇಲೆ ಹೊಳೆವ್ವ ಈ ಪದ ಕಟ್ಟಿದಳು. ನೀವೆಲ್ಲ ನಕ್ಕದ್ದಕ್ಕೆ ನೊಂದುಕೊಳ್ಳಬೇಡ. ಕಂಡಕ್ಟರನಿಗೆ ಹೇಳುವ ಆ ತಿಕೀಟಿನ ಮಾತು ನಿನ್ನ ಅಕ್ಕನದೇ. "ಹೋಗೂದಕ್ಕಷ್ಟ ತಿಕೀಟ ತಗಸ್ರಿ, ಬರೂದು ನಮ್ಮಪ್ಪ ತಗಸ್ತಾನ" ಎಂದು ಕಿಟಕಿಯಿಂದ ನನ್ನನ್ನು ಅಣಕಿಸಿ ನಕ್ಕಿದ್ದಳು.

ಆಮೇಲೆ ನಾನು ಎರಡು ಸಂಕಲನಗಳನ್ನು ಪ್ರಕಟಿಸಿದೆ. ಅವುಗಳಲ್ಲಿ ಕಿಟಕಿಗಳಿವೆ, ರಸ್ತೆಗಳಿವೆ, ಶೂನ್ಯವಿದೆ. ಮುರಿಗೆವ್ವ ಎಂಬ ಹೆಸರು ಇಲ್ಲ. ಅದನ್ನು ನಾಲ್ಕು ಜನರೆದುರು ಗಟ್ಟಿಯಾಗಿ ಅನ್ನುತ್ತಿದ್ದದ್ದು ಆ ಪದವೊಂದೇ. ಅಂದು ನಾನು ಎದ್ದು ನಿಂತದ್ದು ಹೊಳೆವ್ವನ ಹೆಸರಿಗಾಗಿ ಎಂದು ನೀನು ತಿಳಿದಿರುತ್ತೀಯ. ಮೊದಲರ್ಧವನ್ನು ಯಾರಾದರೂ ಎತ್ತಿದರೆ ಎರಡನೆಯದು ಬರುತ್ತದೆ ಎಂದು ಎದ್ದೆ. ಬರಲಿಲ್ಲ.

ಪದ ಈಗ ನನ್ನದಂತೆ. ಬಾಗಿಲು ಹಾಕಿಕೊಂಡು ಹಾಡಿ ನೋಡುತ್ತೇನೆ. ಹೊಳೆವ್ವನ ಹೆಸರಿನ ತನಕ ಬರುತ್ತೇನೆ. ಅಲ್ಲಿ ಬಿಟ್ಟರೆ ಎತ್ತಿಕೊಳ್ಳಲು ಇನ್ನೊಂದು ದನಿ ಬೇಕು. ಈ ಮನೆಯಲ್ಲಿ ಇಲ್ಲ.